ರಿಬ್ಬನ್ ಗಿಡದ ಎಲೆಗಳು

ಮೈಸೂರು
18 ಫೆಬ್ರವರಿ 2024

ಭಾವ,

ಥರ್ಮಾಕೋಲ್ ಡಬ್ಬಿ ತಲುಪಿತು. ಶನಿವಾರಸಂತೆ ಬಸ್ಸಿನ ಕಂಡಕ್ಟರ್ ಅದನ್ನು ಇಂಜಿನ್ ಪಕ್ಕದಲ್ಲಿಟ್ಟುಕೊಂಡು ಬಂದಿದ್ದರು. ಐಸೆಲ್ಲ ಕರಗಿ ಎಲೆಗಳು ಬೆಂದ ಸೊಪ್ಪಾಗಿದ್ದವು. ಅದು ಅವರ ತಪ್ಪು. ಆದರೆ ಒಳಗಿದ್ದ ಎಲೆಗಳು ನಿಮ್ಮ ತಪ್ಪು. ಎಳೆಯ ಎಲೆ ಬೇಕು, ತುದಿಯಿಂದ ಎರಡನೇ ಜೋಡಿ ಎಂದು ಕಳೆದ ಸಲವೇ ಬರೆದಿದ್ದೆ. ನೀವು ಕಳಿಸಿದ್ದು ಅಂಗೈ ಅಗಲದ, ಕಡುಹಸಿರಿನ, ದೇವರ ಮುಂದೆ ಇಡುವಂಥ ಎಲೆಗಳು. ಚೆನ್ನಾಗಿ ಕಂಡದ್ದನ್ನೆಲ್ಲ ಕಿತ್ತು ತುಂಬಿದ್ದೀರಿ. ಬಲಿತ ಎಲೆ ನನ್ನ ಮಾತು ಕೇಳುವುದಿಲ್ಲ ಭಾವ. ತಾನು ಎಲೆ ಎಂದು ಅದು ಯಾವತ್ತೋ ತೀರ್ಮಾನ ಮಾಡಿಕೊಂಡಿರುತ್ತದೆ.

ಆ ಗಿಡ ಉಳಿಯಬೇಕು ಎನ್ನುವುದು ನಿಮಗೂ ಬೇಕು ತಾನೇ? ಇಡೀ ತೋಟದ ಅರೇಬಿಕಾ ಕಾಫಿಗೆ ಬೋರರ್ ಹುಳ ಬಿದ್ದು ಕಾಂಡ ಟೊಳ್ಳಾಗುತ್ತಿದ್ದಾಗ ಹುಳ ಮುಟ್ಟದ ಒಂದೇ ಒಂದು ಗಿಡವನ್ನು ಹುಡುಕಿ, ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಕಟ್ಟಿದವಳು ಅಕ್ಕ. ಅದರ ಬೀಜದಿಂದ ಅವಳೇ ಎಬ್ಬಿಸಿದ ಸಸಿಗಳಿಗೆ ಬೋರರ್ ಬಿತ್ತು. ಈಗ ಅಕ್ಕನೂ ಇಲ್ಲ, ಸಿಲ್ವರ್ ಓಕ್ ಮರ ಬಿದ್ದು ಗಿಡವೂ ಅರ್ಧ ಸೀಳಿದೆ. ಉಳಿದರ್ಧ ಒಣಗುವುದರೊಳಗೆ ಎಲೆಯಿಂದಲೇ ಸಸಿ ಮಾಡಬೇಕು. ದಯವಿಟ್ಟು ಎಳೆಯ ಎಲೆ.

ಇನ್ನೊಂದು ವಿಷಯ. ಮೊನ್ನೆ ಫೋನ್ ಮಾಡಿದಾಗ ದಿವ್ಯಶ್ರೀ ನನ್ನನ್ನು "ಅಮ್ಮಾ" ಎಂದಳು. ಎಂಟು ವರ್ಷ ನನ್ನನ್ನು ಚಿಕ್ಕಿ ಎಂದ ಮಗು. ಹಿಂದಿನಿಂದ ಅವ್ವನ ದನಿ ಕೇಳಿಸಿತು: "ಇನ್ನೊಂದ್ಸಲ ಹೇಳವ್ವ, ಜೋರಾಗಿ." ಅವಳು ಜೋರಾಗಿ ಹೇಳಿದಳು. ನಾನು ಫೋನ್ ಇಟ್ಟುಬಿಟ್ಟೆ. ಆ ಮನೆಯಲ್ಲಿ ಫೋನ್ ಎಂದರೆ ಸ್ಪೀಕರ್ ಒತ್ತಿಕೊಂಡ ಅವ್ವ; ನೀವಂತೂ ಒಂದು ದಿನವೂ ಎತ್ತುವುದಿಲ್ಲ. ಅದಕ್ಕೇ ವಾಪಸ್ ಕಳಿಸುವ ಡಬ್ಬಿಯಲ್ಲಿ ಪತ್ರ ಇಡುತ್ತಿದ್ದೇನೆ. ಇದನ್ನು ಯಾರು ಕಲಿಸುತ್ತಿದ್ದಾರೆ, ಯಾಕೆ ಎಂದು ನಿಮಗೆ ಗೊತ್ತು. ನಿಲ್ಲಿಸಿ.

ಸ್ಪಂದನಾ


ಶನಿವಾರಸಂತೆ
9 ಮಾರ್ಚ್ 2024

ಪ್ರೀತಿಯ ಸ್ಪಂದನಾ,

ನಿನ್ನ ಪತ್ರ ಓದಿ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ನೆನಪಾದರು. ಅವರೂ ಕ್ಷೇಮ ಕೇಳುವ ಮೊದಲೇ ಕೈ ಚಾಚು ಎನ್ನುತ್ತಿದ್ದರು. ನಾವೆಲ್ಲ ಕ್ಷೇಮ. ಶಿವರಾತ್ರಿ ಜಾಗರಣೆ ಮಾಡಿ ಇವತ್ತು ಮನೆಯೆಲ್ಲ ತೂಕಡಿಸುತ್ತಿದೆ. ಹೂಮಳೆ ಇನ್ನೂ ಬಂದಿಲ್ಲ, ಸ್ಪ್ರಿಂಕ್ಲರ್ ಓಡಿಸುತ್ತಿದ್ದೇನೆ.

ಈ ಸಲ ನೆಟ್ಟಗೆ ಏಳುವ ಕಂಬಚಿಗುರಿನ ತುದಿಯಿಂದ, ಎರಡನೇ ಜೋಡಿಯೇ, ನಾನೇ ಕೈಯಾರೆ ಕಿತ್ತು ಒದ್ದೆಬಟ್ಟೆಯಲ್ಲಿ ಸುತ್ತಿದ್ದೇನೆ. ಡಬ್ಬಿಯನ್ನು ಹಿಂದಿನ ಸೀಟಿನ ಕೆಳಗೆ ಇಡಬೇಕೆಂದು ಕಂಡಕ್ಟರಿಗೆ ಹೇಳಿ, ಕಾಫಿ ಕುಡಿಸಿ ಕಳಿಸಿದ್ದೇನೆ. ಇನ್ನು ತಪ್ಪಾದರೆ ಅದು ಶಿವನ ಇಚ್ಛೆ.

ಮಗುವಿನ ವಿಷಯ. ಅತ್ತೆ ಹೇಳಿಕೊಟ್ಟಿರಬೇಕು. ಮಗಳು ಹೋದ ಮೇಲೆ ತಮ್ಮ ಮನೆಗೆ ಬೀಗ ಹಾಕಿ ಬಂದು ನನ್ನ ಮಗುವನ್ನು ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಎದುರು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ನೀನೂ ದೊಡ್ಡದು ಮಾಡಬೇಡ. ಮೊನ್ನೆ ನಮ್ಮ ಗಂಗಣ್ಣ ದೊಡ್ಡಪ್ಪ ಬಂದಿದ್ದರು. "ಹೊರಗಿನೋಳು ಬಂದ್ರೆ ಮಗೀನ ನೋಡ್ಕಂತಾಳೇನೋ? ಮನೆ ಹುಡ್ಗಿ ಇದ್ದಂಗೆ ಆಯ್ತದಾ?" ಎಂದರು. ನಾನು ಏನೂ ಹೇಳಲಿಲ್ಲ.

ಅಷ್ಟಕ್ಕೂ ಮೈಸೂರು ಬಿಟ್ಟು ಬರಲಾಗದಂಥ ಕೆಲಸ ಏನು ಮಾಡುತ್ತಾಳೆ ಎಂದು ಅವರು ಕೇಳಿದರು. ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ತಲೆಗೆ ಹೋಗುವ ಹಾಗೆ ಒಂದು ಸಲ ಬರೆ.

ಇತಿ,
ಕೀರ್ತಿಕುಮಾರ್


ಮೈಸೂರು
21 ಏಪ್ರಿಲ್ 2024

ಭಾವ,

ಎಲೆಗಳು ಸರಿಯಾಗಿ ಬಂದವು. ತೊಳೆದು, ಚೌಕಚೌಕವಾಗಿ ಕತ್ತರಿಸಿ ಬಾಟಲಿಗೆ ಹಾಕಿ ಕತ್ತಲಲ್ಲಿಟ್ಟಿದ್ದೇನೆ.

ನನ್ನ ಕೆಲಸ ಏನೆಂದು ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದೀರಿ, ಅದೂ ದೊಡ್ಡಪ್ಪನಿಗೆ ಉತ್ತರ ಕೊಡಲು. ಇರಲಿ, ಕೇಳಿ.

ಒಂದು ಗಿಡದ ಎಲೆ, ಬೇರು, ಹೂವು ಎಲ್ಲದರ ಕೋಶಗಳಲ್ಲೂ ಇರುವ ಜೀನುಗಳು ಒಂದೇ. ಇಡೀ ಗಿಡವನ್ನು ಕಟ್ಟುವ ವಿದ್ಯೆ ಎಲೆಯ ಕೋಶದಲ್ಲೂ ಇದೆ. ಆದರೂ ಅದು ಎಲೆಯಾಗಿಯೇ ಇರುತ್ತದೆ. ಯಾಕೆಂದರೆ ಜೀನಿನಿಂದ ಕೆಲಸದ ಜಾಗಕ್ಕೆ ಒಂದು ಚೀಟಿ ಹೋಗಬೇಕು. ಅದಕ್ಕೆ ಆರ್‌ಎನ್‌ಎ ಎನ್ನುತ್ತೇವೆ. ಚೀಟಿ ಓದಿ ಕೋಶ ಪ್ರೋಟೀನ್ ಕಟ್ಟುತ್ತದೆ. ಇದು ಪಿಯುಸಿಯಲ್ಲಿ ಓದಿದ್ದೀರಿ, ಮರೆತಿದ್ದೀರಿ. ಆದರೆ ಏನನ್ನೂ ಕಟ್ಟಲು ಹೇಳದ ಆರ್‌ಎನ್‌ಎಗಳೂ ಇವೆ. ಅವುಗಳಲ್ಲಿ ತೀರ ಚಿಕ್ಕ ತುಣುಕುಗಳ ಒಂದು ಜಾತಿ ಇದೆ. ಅವು ತಮಗೆ ಹೊಂದುವ ಚೀಟಿಯನ್ನು ದಾರಿಯಲ್ಲೇ ಹಿಡಿದು ಹರಿದುಹಾಕುತ್ತವೆ, ಇಲ್ಲವೇ ಯಾರೂ ಓದದ ಹಾಗೆ ಅದುಮಿ ಹಿಡಿಯುತ್ತವೆ. ಯಾವ ಚೀಟಿ ತಲುಪಿತು, ಯಾವುದು ತಲುಪಲಿಲ್ಲ ಎನ್ನುವುದರ ಮೇಲೆ ಕೋಶ ಏನಾಗಿ ಉಳಿಯುತ್ತದೆ, ಏನಾಗಿ ಬದಲಾಗುತ್ತದೆ ಎನ್ನುವುದು ಬಹಳಮಟ್ಟಿಗೆ ನಿಂತಿದೆ.

ಎಲೆಯನ್ನು ಕತ್ತರಿಸಿ, ಕತ್ತಲಲ್ಲಿಟ್ಟು, ಹಾರ್ಮೋನು ಕೊಟ್ಟರೆ ಈ ಚಿಕ್ಕವುಗಳ ಹಂಚಿಕೆ ಏರುಪೇರಾಗುತ್ತದೆ. ಎಲೆಯಾಗಿರು ಎನ್ನುವ ಚೀಟಿಗಳು ನಿಲ್ಲುತ್ತವೆ. ಭ್ರೂಣವಾಗು ಎನ್ನುವ, ಇಷ್ಟು ದಿನ ಅದುಮಿಟ್ಟಿದ್ದ ಚೀಟಿಗಳು ಹೊರಡುತ್ತವೆ. ಎಲೆಯ ಕೋಶ ಎಲೆತನ ಬಿಟ್ಟು ಮೊದಲಿನಿಂದ ಗಿಡವಾಗಲು ಹೊರಡುತ್ತದೆ. ಎಲ್ಲವೂ ಹೊರಡುವುದಿಲ್ಲ, ಕೆಲವೇ ಕೆಲವು. ಆ ಕೆಲವು ಯಾವುವು, ಯಾಕೆ ಎನ್ನುವುದೇ ನನ್ನ ಕೆಲಸ. ಅದಕ್ಕೇ ಮೈಸೂರು ಬಿಟ್ಟು ಬರುವುದಿಲ್ಲ.

ಈಗ ನಿಮ್ಮ ವಿಷಯ. "ನಾನು ಏನೂ ಹೇಳಲಿಲ್ಲ" ಎಂದು ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ ಬರೆದಿದ್ದೀರಿ. ದೊಡ್ಡಪ್ಪ ನಿಮ್ಮ ಮೌನವನ್ನು ಏನೆಂದು ತಿಳಿದರು? ಅವ್ವನಿಗೆ ಫೋನ್ ಮಾಡಿ "ಹುಡ್ಗ ಒಪ್ಪವ್ನೆ" ಎಂದಿದ್ದಾರೆ. ಅವ್ವ ನನಗೆ ಹೇಳಿದಳು. ನೀವು ಏನೂ ಹೇಳದೇ ಇರುವುದರಿಂದಲೇ ಇಷ್ಟೆಲ್ಲ ನಡೆಯುತ್ತಿದೆ ಭಾವ. ನನ್ನನ್ನು ಮದುವೆಯಾಗುವ ಮನಸ್ಸು ನಿಮಗಿಲ್ಲ ಎಂದು ನನಗೆ ಗೊತ್ತು. ನನಗಿಲ್ಲ ಎಂದು ನಿಮಗೆ ಗೊತ್ತು. ಅದನ್ನು ಬಾಯಿಬಿಟ್ಟು ಹೇಳಲು ಏನು ದಾಡಿ?

ಸ್ಪಂದನಾ


ಶನಿವಾರಸಂತೆ
4 ಆಗಸ್ಟ್ 2024

ಸ್ಪಂದನಾ,

ತಡವಾಯಿತು. ಮಳೆ ಹಿಡಿದು ಒಂದು ವಾರ ಕರೆಂಟಿಲ್ಲ. ಮೇಲಿನ ಪ್ಲಾಟಿನಲ್ಲಿ ಎರಡು ಮರ ಬಿದ್ದಿವೆ. ರಿಬ್ಬನ್ ಗಿಡಕ್ಕೆ ಪ್ಲಾಸ್ಟಿಕ್ ಹೊದಿಸಿದ್ದೇನೆ. ಅದರ ಸ್ಥಿತಿ ಚೆನ್ನಾಗಿಲ್ಲ.

ನೀನು ಬರೆದದ್ದು ಎರಡು ಸಲ ಓದಿದೆ. ನನಗೆ ಹೊಳೆದದ್ದು ಇಷ್ಟು: ಆ ಚಿಕ್ಕ ಆರ್‌ಎನ್‌ಎ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಪೊನ್ನಪ್ಪನ ಹಾಗೆ. ಅವನು ಒಂದು ಹಣ್ಣೂ ಕೊಯ್ಯುವುದಿಲ್ಲ. ಆದರೆ ಅವನು ಹೇಳದೆ ಕೂಲಿ ಲೈನಿನಿಂದ ಒಬ್ಬರೂ ಪಿಕಿಂಗಿಗೆ ಹೊರಡುವುದಿಲ್ಲ. ದೊಡ್ಡಪ್ಪನಿಗೂ ಹಾಗೇ ವಿವರಿಸಿದೆ. ಅವರು ಪೂರ್ತಿ ಕೇಳಿ, "ಹಂಗಾದ್ರೆ ರೈಟರ್ ಕೆಲ್ಸ ಇಲ್ಲೇ ಕೊಡಾನ, ಬರಾಕೇಳು" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಯಾಕೆ ಬಾಯಿ ಬಿಡುವುದಿಲ್ಲ ಎಂದೆಯಲ್ಲ. ನಿನ್ನನ್ನು ಬೇಡ ಎಂದರೆ ಮರುದಿನವೇ ಬೇರೆ ಹುಡುಗಿಯ ಫೋಟೋ ಬರುತ್ತದೆ. ಅದನ್ನೂ ಬೇಡ ಎಂದರೆ ಅತ್ತೆ ದಿವ್ಯಳನ್ನು ಕರೆದುಕೊಂಡು ಕೊಡ್ಲಿಪೇಟೆಯ ತಮ್ಮ ಮನೆಗೆ ಹೊರಡುತ್ತಾರೆ. ನಿನ್ನ ಹೆಸರು ಓಡುತ್ತಿರುವಷ್ಟು ದಿನ ಯಾರೂ ಎಲ್ಲಿಗೂ ಹೋಗುವುದಿಲ್ಲ. ನನಗೆ ಕಾಲ ಬೇಕಿತ್ತು, ನಿನ್ನ ಹೆಸರಿನಲ್ಲಿ ತಳ್ಳುತ್ತಿದ್ದೇನೆ. ಬೈದುಕೋ.

ಅತ್ತೆಯ ಇನ್ನೊಂದು ಸಾಹಸ. ನನ್ನನ್ನು ಕೇಳದೆ ರಿಬ್ಬನ್ ಗಿಡದಲ್ಲಿ ಪಕ್ಕಕ್ಕೆ ಚಾಚಿದ್ದ ಒಂದು ಅಡ್ಡರೆಕ್ಕೆ ಮುರಿದು ತಂದು ವಿನುತಾಳ ಸಮಾಧಿಯ ತಲೆದೆಸೆಯಲ್ಲಿ ನೆಟ್ಟಿದ್ದಾರೆ. ಗದ್ದೆ ಕಡೆಯವರು, ಅವರಿಗೆ ತಿಳಿಯದು. ಅಡ್ಡರೆಕ್ಕೆ ಬೇರು ಬಿಟ್ಟರೂ ಅಡ್ಡಡ್ಡ ಬೆಳೆಯುತ್ತದೆಯೇ ಹೊರತು ನೆಟ್ಟಗೆ ಏಳುವುದಿಲ್ಲ ಎಂದೆ. "ನೀವು ಸುಮ್ಕಿರಿ, ಕೋಲು ಕಟ್ಟಿದ್ರೆ ಎಲ್ಲ ನೆಟ್ಟಗಾಯ್ತವೆ" ಎಂದರು. ಕಟ್ಟಿಯೂ ಬಿಟ್ಟರು, ಅದೇ ಕೆಂಪು ರಿಬ್ಬನ್ನಿನಲ್ಲಿ.

ಬಾಟಲಿ ಏನಾಯಿತು?

ಕೀರ್ತಿಕುಮಾರ್


ಮೈಸೂರು
17 ನವೆಂಬರ್ 2024

ಭಾವ,

ಪೊನ್ನಪ್ಪನ ಹಾಗೆ ಅಲ್ಲ! ರೈಟರ್ ಕೆಲಸಕ್ಕೆ ಕಳಿಸುತ್ತಾನೆ, ಇದು ತಡೆಯುತ್ತದೆ. ಅಷ್ಟು ಉದ್ದ ಬರೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ.

ಬಾಟಲಿಗಳಲ್ಲಿ ಹೆಚ್ಚಿನವು ಬಿಳಿ ಗಂಟಾಗಿ ನಿಂತುಬಿಟ್ಟಿವೆ. ಎಲೆತನ ಹೋಗಿದೆ, ಗಿಡವಾಗಿಲ್ಲ. ನಾಲ್ಕೈದರಲ್ಲಿ ಮಾತ್ರ ಹಳದಿ ರವೆಯಂಥದ್ದು ಕಾಣಿಸಿದೆ. ಭ್ರೂಣ ಬಂದರೆ ಅದರಿಂದಲೇ ಬರಬೇಕು. ಅದನ್ನು ಬೇರೆ ಬಾಟಲಿಗೆ ಹಾಕಿದ್ದೇನೆ.

ಅವ್ವ ದೀಪಾವಳಿ ಕಳೆದ ಮೇಲೆ ಇಲ್ಲಿಗೆ ಬಂದಿದ್ದಳು. ನಿಮಗೆ ಹೇಳಿಯೇ ಬಂದಿರಬೇಕು, ನೀವು ಏನೂ ಹೇಳಿರುವುದಿಲ್ಲ. ಬ್ಯಾಗಿನಿಂದ ಅಕ್ಕನ ಹಸಿರು ಸೀರೆ ತೆಗೆದು "ಉಟ್ಕೊ, ಒಂದ್ಸಲ ನೋಡ್ತೀನಿ" ಎಂದಳು. ಬೇಡ ಎಂದೆ. ಅತ್ತಳು. ಉಟ್ಟೆ. ನೆರಿಗೆ ಸರಿಮಾಡಿದಳು, ಸೆರಗು ಎಳೆದಳು, ಜಡೆಯನ್ನು ಮುಂದೆ ಹಾಕಿದಳು. ಆಮೇಲೆ ಮಂಚದ ಮೇಲೆ ಕೂತು ನನ್ನನ್ನು ನೋಡುತ್ತಲೇ ಇದ್ದಳು. ನನ್ನನ್ನಲ್ಲ. "ನಿಲ್ಲೋದೂ ಅವಳಂಗೇ ನಿಲ್ತೀಯ ಕಣೇ" ಎಂದಳು. ಭಾವ, ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಇನ್ನು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರೆ ನಾನೇ ಹೂಂ ಎಂದುಬಿಡುತ್ತಿದ್ದೆನೋ ಏನೋ.

ಜನವರಿಯಲ್ಲಿ ಅಕ್ಕನ ವರ್ಷದ ಪೂಜೆಯ ದಿನವೇ ವೀಳ್ಯ ಬದಲಾಯಿಸುವುದೆಂದು ದೊಡ್ಡಪ್ಪ ನಿಶ್ಚಯ ಮಾಡಿದ್ದಾರಂತೆ. ನಾನು ಒಲ್ಲೆ ಎಂದು ಎಷ್ಟು ಸಲ ಹೇಳಿದ್ದೇನೆ! ನಾನು ಹೇಳಿದರೆ ಅದನ್ನು ನಾಚಿಕೆ ಎನ್ನುತ್ತಾರೆ, ಓದಿದ ಸೊಕ್ಕು ಎನ್ನುತ್ತಾರೆ. ಅದಕ್ಕೂ ಮಿಗಿಲಾಗಿ, ಅವ್ವ ದಿವ್ಯಳ ಎದುರಿಗೇ ಹೇಳುತ್ತಾಳೆ: "ನೋಡವ್ವ, ಚಿಕ್ಕಿಗೆ ನೀನು ಬ್ಯಾಡ್ವಂತೆ." ಆ ಮಗು ಅದನ್ನು ನಂಬುತ್ತದೆ ಭಾವ. ಅವರು ನನ್ನನ್ನು ಹಿಡಿದಿರುವುದೇ ಅಲ್ಲಿ. ಆ ಮಗು ನನಗೆ ಬೇಕು. ಅದರ ಚಿಕ್ಕಿಯಾಗಿ ಬೇಕು. ನಾನು ಬೇಡ ಎಂದರೆ ಅವಳನ್ನು ಬೇಡ ಎಂದ ಹಾಗಾಗುತ್ತದೆ. ನೀವು ಬೇಡ ಎಂದರೆ ಹಾಗಾಗುವುದಿಲ್ಲ. ಅದಕ್ಕೇ ಆ ಮಾತು ನಿಮ್ಮ ಬಾಯಿಂದಲೇ ಬರಬೇಕು.

ಪೂಜೆಗೆ ನಾನು ಬರುವುದಿಲ್ಲ. ಅಕ್ಕನ ಪೂಜೆಗೆ ಬರದ ಹಾಗೆ ಮಾಡಿದ್ದಕ್ಕೆ ನಿಮ್ಮೆಲ್ಲರ ಮೇಲೂ ನನಗೆ ಸಿಟ್ಟಿದೆ. ನೀವು ಬಾಯಿ ಬಿಡದಿದ್ದರೆ ಇದೇ ಕೊನೆಯ ಪತ್ರ. ಡಬ್ಬಿಯೂ ಬೇಡ, ಎಲೆಯೂ ಬೇಡ.

ಸ್ಪಂದನಾ


ಶನಿವಾರಸಂತೆ
26 ಜನವರಿ 2025

ಸ್ಪಂದನಾ,

ಹೇಳಿದೆ.

ಅಷ್ಟೇ ಬರೆದು ನಿಲ್ಲಿಸೋಣ ಎಂದುಕೊಂಡೆ. ನೀನು ಮತ್ತೆ ಬೈಯುತ್ತೀಯ, ಅದಕ್ಕೆ ಪೂರ್ತಿ ಬರೆಯುತ್ತೇನೆ.

ಅಯ್ಯನವರು ಸಮಾಧಿಗೆ ವಿಭೂತಿ ಇಟ್ಟು, ಬಿಲ್ವಪತ್ರೆ ಏರಿಸಿ ಹೊರಟ ಮೇಲೆ ದೊಡ್ಡಪ್ಪ ಜಮಖಾನ ಹಾಸಲು ಹೇಳಿದರು. ಅತ್ತೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿಕೊಂಡು ಬಂದರು. "ಹುಡ್ಗಿ ಬರ್ದಿದ್ರೂ ಪರ್ವಾಗಿಲ್ಲ, ಅವಳ ಕಡೆಯಿಂದ ನಾನೇ ಕೊಡ್ತೀನಿ" ಎಂದರು. ದಿವ್ಯ ಅವರ ಸೆರಗು ಹಿಡಿದು ನಿಂತಿದ್ದಳು.

ನನಗೆ ಮಾತು ಹೊರಡಲಿಲ್ಲ. ನಿಜ ಹೇಳುತ್ತೇನೆ, ಆಗಲೂ ಹೊರಡಲಿಲ್ಲ. ಏನು ಮಾಡುವುದೆಂದು ತಿಳಿಯದೆ ಎದ್ದುಹೋಗಿ ಆ ಅಡ್ಡರೆಕ್ಕೆಯ ಗಿಡಕ್ಕೆ ಕಟ್ಟಿದ್ದ ರಿಬ್ಬನ್ ಬಿಚ್ಚಿದೆ. ಗಿಡ ನಿಧಾನವಾಗಿ ಪಕ್ಕಕ್ಕೆ ಬಾಗಿ ಸಮಾಧಿಯ ಕಲ್ಲಿನ ಮೇಲೆ ಮಲಗಿತು. ಎಲ್ಲರಿಗೂ ಅರ್ಥವಾಗುತ್ತದೆ, ನಾನು ಇನ್ನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡೆ. ಅತ್ತೆ ಅದನ್ನು ನೋಡಿ, "ಮಲಗಿದ್ರೇನು? ಬೇರು ಬಿಟ್ಟದೆ ತಾನೇ? ನಂಗಷ್ಟೇ ಸಾಕು" ಎಂದರು. ದೊಡ್ಡಪ್ಪ ಹೌದೌದು ಎಂದರು.

ಆಗ ರೇಗಿಹೋಯಿತು. ಇಷ್ಟು ವರ್ಷ ತಲೆಯಾಡಿಸಿದ್ದಕ್ಕೆಲ್ಲ ಸೇರಿಸಿ ಕೂಗಿಬಿಟ್ಟೆ.

"ಅತ್ತೆ, ನಂಗೆ ಸ್ಪಂದನಾ ಬ್ಯಾಡ. ನಂಗೆ ಯಾರೂ ಬ್ಯಾಡ. ನಂಗೆ ಬೇಕಾಗಿರೋಳು ವಿನುತಾ. ಅವಳು ಬರಲ್ಲ."

ದೊಡ್ಡಪ್ಪ ಟವೆಲ್ ಕೊಡವಿ ಎದ್ದು ಹೋದರು. ಅತ್ತೆ ತಟ್ಟೆ ಹಿಡಿದುಕೊಂಡೇ "ನಂಗೂ ಅವಳೇ ಬೇಕು" ಎಂದು ಕೂತುಬಿಟ್ಟರು. ಮಗಳು ಹೋದಾಗ ಮನೆ ತುಂಬ ಜನ ಇದ್ದರೂ ಅಳದೆ ಅಡುಗೆ ನೋಡಿಕೊಂಡವರು ಅವತ್ತು ಅತ್ತರು. ಕೊನೆಗೆ ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನು ಸಮಾಧಿಗೇ ಒಡೆದರು. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆದರೆ ಕೊಡ್ಲಿಪೇಟೆಗೆ ಹೋಗಿಲ್ಲ. ಬೆಳಿಗ್ಗೆ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿ ಹೋಗುತ್ತಾರೆ.

ದಿವ್ಯಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬೇಡ ಎಂದವನು ನಾನು, ಚಿಕ್ಕಿ ಅಲ್ಲ ಎಂದು ಹೇಳಿದೆ. ಪೂರ್ತಿ ಕೇಳಿದಳು.

ನೀನು ಅತ್ತೆಯ ಮೇಲೆ ಅಷ್ಟು ಸಿಟ್ಟಾಗಬೇಡ. ಅವರು ಮನೆಯಲ್ಲಿ ಮಾಡಲು ಹೊರಟದ್ದನ್ನೇ ನೀನು ಬಾಟಲಿಯಲ್ಲಿ ಮಾಡುತ್ತಿದ್ದೀಯ. ಎರಡೂ ಒಂದೇ ಅಲ್ಲ, ಗೊತ್ತು. ಆದರೂ.

ಇನ್ನೊಂದು. ನಾನು ಒಂದು ದಿನವೂ ಫೋನ್ ಎತ್ತುವುದಿಲ್ಲ ಎಂದು ನೀನು ಬರೆದಿದ್ದೆ. ಫೋನಿನಲ್ಲಿ ನಿನ್ನ ದನಿ ಅವಳದ್ದೇ. ಎದುರಿಗೆ ಹಾಗನಿಸುವುದಿಲ್ಲ, ಫೋನಿನಲ್ಲಿ ಮಾತ್ರ. ಒಂದೆರಡು ಸಲ ಬರೀ ದನಿ ಕೇಳಲೆಂದೇ ಎತ್ತಬೇಕು ಅನ್ನಿಸಿತು. ಅದು ಸರಿಯಲ್ಲ ಎಂದು ಎತ್ತಲಿಲ್ಲ.

ರಿಬ್ಬನ್ ಗಿಡ ಒಣಗಿತು. ಈ ತಿಂಗಳ ಬಿಸಿಲಿಗೆ ಉಳಿದರ್ಧವೂ ಹೋಯಿತು. ಇನ್ನು ಏನಿದ್ದರೂ ನಿನ್ನ ಹತ್ತಿರ ಇರುವುದೇ.

ಇತಿ,
ಕೀರ್ತಿ


ಮೈಸೂರು
8 ಜೂನ್ 2025

ಭಾವ,

ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ನಿಮ್ಮ ಪತ್ರ ಓದಿ ಸಮಾಧಾನವಾಯಿತು, ಆಮೇಲೆ ಅಳು ಬಂತು, ಆಮೇಲೆ ನನ್ನ ಬಾಟಲಿಯನ್ನೂ ಅವ್ವನ ಸೀರೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದಕ್ಕೆ ಸಿಟ್ಟು ಬಂತು. ಸಿಟ್ಟೇ ಹೆಚ್ಚು ದಿನ ಉಳಿಯಿತು. ನೀವು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದ್ದದ್ದಕ್ಕೇ ಇರಬೇಕು. ಅಕ್ಕನ ಗಿಡ ಎಂದು ನಾನು ಆ ಬಾಟಲಿಗಳ ಜೊತೆ ಮಾತಾಡಿದ್ದೂ ಉಂಟು.

ಡಬ್ಬಿಯಲ್ಲಿ ಏಳು ಸಸಿ ಇವೆ. ರವೆಯಂಥದ್ದರಿಂದ ಬಂದವು. ಉಳಿದ ಬಾಟಲಿಗಳು ಗಂಟಾಗಿಯೇ ಕೊನೆಯಾದವು. ಸಸಿಗಳು ಕೊತ್ತಂಬರಿ ಗಾತ್ರ ಇವೆ, ನಗಬೇಡಿ. ನೆರಳು ಬೇಕು, ನೀರು ನಿಲ್ಲಬಾರದು, ದೊಡ್ಡಪ್ಪನ ಸಲಹೆ ಬೇಡ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಇವು ರಿಬ್ಬನ್ ಗಿಡದ ಎಲೆಯಿಂದ ಬಂದವು. ಅದೇ ಗಿಡ ಎಂದು ನಾನು ಬರೆದುಕೊಡುವುದಿಲ್ಲ. ಎಲೆತನ ಮರೆತು ಗಿಡವಾಗುವ ದಾರಿಯಲ್ಲಿ ಏನೇನು ಉಳಿಯಿತು, ಏನೇನು ಹೋಯಿತು ಎಂದು ಹೇಳುವಷ್ಟು ನನಗೆ ಗೊತ್ತಿಲ್ಲ. ಬೋರರ್ ಬೀಳಬಹುದು, ಬೀಳದೆಯೂ ಇರಬಹುದು. ವರ್ಷಗಟ್ಟಲೆ ಕಾದು ನೋಡಬೇಕು. ಬೇಕಾದರೆ ನೆಡಿ. ಸಮಾಧಿಯ ಹತ್ತಿರ ಬೇಡ, ಬಯಲಲ್ಲಿ ನೆಡಿ.

ದಿವ್ಯಳಿಗೆ ಫೋನ್ ಮಾಡಲು ನನಗೆ ಧೈರ್ಯ ಬರುತ್ತಿಲ್ಲ. ಅವಳು ಏನೆಂದು ಕರೆಯುತ್ತಾಳೋ ಎಂದು ಭಯ.

ಸ್ಪಂದನಾ


ಶನಿವಾರಸಂತೆ
22 ಜೂನ್ 2025

ಪ್ರೀತಿಯ ಚಿಕ್ಕಿ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಾ? ಅಪ್ಪ ಪತ್ರ ಬರಿ ಅಂದರು. ಮೇಲೆ ಏನಂತ ಬರೀಲಿ ಅಂತ ಅಜ್ಜೀನ ಕೇಳಿದೆ. ಅಜ್ಜಿ ಕೈಲಿದ್ದ ಕಡ್ಲೆಕಾಯಿ ಎಲ್ಲ ಬಿಡಿಸಿದರು. ಆಮೇಲೆ "ಅವ್ಳು ನಿಂಗೆ ಏನಾಗ್ಬೇಕೋ ಅದೇ ಬರಿ" ಅಂದರು.

ನೀವು ಕಳಿಸಿದ ಗಿಡ ತುಂಬಾ ಚಿಕ್ಕದು. ಕಾಫಿ ಗಿಡ ಕಳಿಸ್ತೀನಿ ಅಂತ ಹೇಳಿ ಸೊಪ್ಪು ಕಳಿಸಿದ್ದೀರಾ. ಒಂದನ್ನು ನಾಯಿ ಕಿತ್ತುಹಾಕಿತು. ಇನ್ನೊಂದು ತಾನೇ ಸತ್ತಿತು. ಐದು ಇದೆ. ಅಪ್ಪ ಅದಕ್ಕೆ ಬಲೆ ಹಾಕಿದ್ದಾರೆ. ಅಜ್ಜಿ ಒಂದಕ್ಕೆ ಕೋಲು ಕಟ್ಟಕ್ಕೆ ಬಂದರು. ಬೇಡ ಅಜ್ಜಿ, ಅದು ತಾನೇ ನೆಟ್ಟಗೆ ನಿಂತಿದೆ ನೋಡಿ ಅಂದೆ. ಅಜ್ಜಿ ಬಗ್ಗಿ ನೋಡಿ ಕೋಲು ವಾಪಸ್ ತಗೊಂಡು ಹೋದರು.

ನೀವು ಯಾವಾಗ ಬರ್ತೀರಾ? ಬರೀ ಡಬ್ಬಿ ಕಳಿಸಬೇಡಿ.

ನಿಮ್ಮ,
ದಿವ್ಯಶ್ರೀ
4ನೇ ತರಗತಿ